ಆಟಿಯಲ್ಲಿ ತರಕಾರಿಯ ದುಬಾರಿ ಊಟ: ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಆಟಿ ತಿಂಗಳಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್) ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವ. ಮಂಗಳೂರಿನ ಒಂದು ದೊಡ್ಡ ರೆಸ್ಟೋರೆಂಟಿನಲ್ಲಿ ಬರೀ ತರಕಾರಿಗೆ ಒತ್ತು ಕೊಟ್ಟು, ಒಂದೊಂದೇ ಬಗೆ ತಂದು ಬಡಿಸುವ ಊಟ ಇದೆಯಂತೆ. ಪರಿಸರಸ್ನೇಹಿ, ಎಲ್ಲ ಸ್ಥಳೀಯ ಎನ್ನುತ್ತಾರೆ. ರೇಟು ಜಾಸ್ತಿ. ಇಬ್ಬರೂ ಸಸ್ಯಾಹಾರಿಗಳು. ಇಂಥ ಊಟ ಮಾಡಿದವರು ದಯವಿಟ್ಟು ಹೇಳಿ.

ಕಟಪಾಡಿಯಿಂದ: ಖಂಡಿತ ಹೋಗಿ. ಆದರೆ ಟೇಬಲ್ ಬುಕ್ ಮಾಡುವ ಮೊದಲು ಫೋನ್ ಮಾಡಿ, ಈ ವಾರ ಯಾವ ತರಕಾರಿ, ಎಲ್ಲಿಂದ ಬಂತು ಅಂತ ಕೇಳಿ. ಇಲ್ಲಿನದನ್ನೇ ತಂದು ಅಡುಗೆ ಮಾಡುವವರು ತಡವರಿಸುವುದಿಲ್ಲ. ಆಟಿ ಅಂದರೆ ಕಣಿಲೆ (ಎಳೆ ಬಿದಿರು), ಕೆಸುವಿನ ಎಲೆ, ತಜಂಕ್ ಸೊಪ್ಪು, ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಇವು ಯಾವುದೂ ಇಲ್ಲದೆ ಆಸ್ಪರಾಗಸ್, ಬ್ರೊಕೊಲಿಯೇ ತುಂಬಿದ್ದರೆ ಸ್ಥಳೀಯ ಅನ್ನುವುದು ಸುಮ್ನೆ ಮಾತು. ಮಟ್ಟುಗುಳ್ಳ, ಅಂದರೆ ಉಡುಪಿ ಹತ್ತಿರದ ಮಟ್ಟುವಿನ ಬದನೆ, ಇದ್ದರೂ ವಿಚಾರಿಸಿ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಮೇಲೆ ಆ ಹೆಸರಿಗೆ ಬೆಲೆ ಬಂದಿದೆ. ನಮ್ಮ ಕಡೆ ಅದನ್ನು ನೆಡುವುದು ಮಳೆ ಬಿಟ್ಟ ಮೇಲೆ. ಆಟಿಯ ಜಡಿಮಳೆಯಲ್ಲಿ ಮಟ್ಟುವಿನ ಗುಳ್ಳ ಅಂದರೆ ನಾನಂತೂ ನಂಬುವುದಿಲ್ಲ.

ಇಂಥ ಕಡೆ ತಿಂದದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಕಣಿಲೆ, ಹೆಸರುಕಾಳಿನ ಗಸಿ (ತೆಂಗಿನಕಾಯಿ ಅರೆದು ಮಾಡುವ ದಪ್ಪ ಪದಾರ್ಥ). ಕಣಿಲೆಯನ್ನು ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಮೂರು ದಿನ ನೆನೆಸಬೇಕು. ಇಲ್ಲದಿದ್ದರೆ ಕಹಿ, ವಿಷವೂ ಹೌದು. ಕೆಸುವಿಗೆ ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ನಾವು ದುಡ್ಡು ಕೊಡುವುದು ಈ ಕೆಲಸಕ್ಕೆ, ದೊಡ್ಡ ತಟ್ಟೆಗಲ್ಲ. ಸಿಪ್ಪೆ, ತಿರುಳು ಏನು ಮಾಡುತ್ತೀರಿ ಅಂತಲೂ ಕೇಳಿ. ಹೀರೆಕಾಯಿ ಸಿಪ್ಪೆಯ ಚಟ್ನಿ, ಸೌತೆಕಾಯಿ ತಿರುಳಿನ ದೋಸೆ ನಮ್ಮ ಮನೆಗಳಲ್ಲಿ ಮೊದಲಿಂದಲೂ ಉಂಟಲ್ವಾ? ಅಲ್ಲಿಯೂ ಅದು ಕಂಡರೆ ಪರಿಸರದ ಮಾತು ನಿಜ.

ಕದ್ರಿಯಿಂದ: ಮೇಲಿನವರು ಹೇಳಿದ್ದು ಸರಿ. ಆದರೆ ನಿಮಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ತರಕಾರಿ ಊಟ ಅಂದ ಕೂಡಲೇ ಸಸ್ಯಾಹಾರ ಅಂದುಕೊಳ್ಳಬೇಡಿ. ದೊಡ್ಡ ಅಡುಗೆಮನೆಗಳಲ್ಲಿ ತರಕಾರಿಯನ್ನು ಕೋಳಿ ಮೂಳೆ ಕುದಿಸಿದ ರಸದಲ್ಲಿ, ಅಂದರೆ ಕೋಳಿಯ ಸ್ಟಾಕ್‌ನಲ್ಲಿ ಬೇಯಿಸುವುದೂ, ಫಿಶ್ ಸಾಸ್ ಹಾಕುವುದೂ ಉಂಟು. ಇಟಲಿಯ ಪರ್ಮೆಸಾನ್ ಚೀಸ್ ಮಾಡುವಾಗ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಬಳಸುತ್ತಾರೆ. ನನ್ನ ಅತ್ತೆಯವರ ಜೊತೆ ಹೋಗಿದ್ದಾಗ ಒಂದು ಕಡೆ ಸೂಪ್ ಕುಡಿದು ಮುಗಿದ ಮೇಲೆ ಸ್ಟಾಕ್ ವಿಷಯ ಗೊತ್ತಾಯಿತು. ಪಾಪ, ಆಮೇಲೆ ಅವರಿಗೆ ಊಟವೇ ಸೇರಲಿಲ್ಲ. ಇಬ್ಬರೂ ಸಸ್ಯಾಹಾರಿಗಳು ಅಂತ ಎರಡು ದಿನ ಮೊದಲೇ ಹೇಳಿ. ನೀರುಳ್ಳಿ, ಬೆಳ್ಳುಳ್ಳಿ ಬೇಡವಾದರೆ ಅದನ್ನೂ. ಮಧ್ಯಾಹ್ನವೇ ಹೋಗಿ. ಇಂಥ ಊಟ ಎರಡು ಗಂಟೆ ಹಿಡಿಯುತ್ತದೆ, ಹಿರಿಯರಿಗೆ ರಾತ್ರಿ ಕಷ್ಟ.

ಮಣಿಪಾಲದಿಂದ: ಬಿಲ್ ಬಂದಾಗ ಸರ್ವಿಸ್ ಚಾರ್ಜ್ ನೋಡಿ. ಅದನ್ನು ತಾನಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ತೆಗೆಯಿರಿ ಅಂತ ಸಂಕೋಚವಿಲ್ಲದೆ ಕೇಳಿ. ಆ ಹಣವನ್ನು ಬಡಿಸಿದವರ ಕೈಗೇ ಕೊಡಿ ಮಾರಾಯ್ರೆ.