ಕೆಲಸ ಬಿಟ್ಟು ಸೈಕಿಯಾಟ್ರಿಕ್ ನರ್ಸಿಂಗ್ ಡಿಪ್ಲೊಮಾ ಮಾಡ್ಲಾ? ಮಾಡಿದವರು ಹೇಳಿ

ತುಮಕೂರಿನ ಹುಡುಗಿ: ಬಿಎಸ್ಸಿ ಆಗಿ ಒಂದೂವರೆ ವರ್ಷದಿಂದ ಕ್ಯಾಶುವಾಲ್ಟಿಯಲ್ಲಿ ಗುತ್ತಿಗೆ ಕೆಲಸ. ವಿಷ ಕುಡಿದು ಬಂದೋರಿಗೆ ಹೊಟ್ಟೆ ತೊಳೆದು ಕಳಿಸ್ತೀವಿ, ಯಾಕೆ ಕುಡಿದ್ರಿ ಅಂತ ಕೇಳೋಕೂ ಬರಲ್ಲ. ಮಾನಸಿಕ ಆರೋಗ್ಯದ ಎರಡು ದಿನದ ತರಬೇತಿ ಸಾಕಾ, ಒಂದು ವರ್ಷದ ಡಿಪ್ಲೊಮಾನೇ ಬೇಕಾ? ಮನೇಲಿ ಸಾಲ ಇದೆ.

ಸರ ಅಡವಿಟ್ಟವಳು: 2019ರಲ್ಲಿ ಕೆಲಸ ಬಿಟ್ಟು ಹೋದೆ. ಉಳಿಯೋ ಪಿಜಿಗೆ ತಿಂಗಳಿಗೆ 6,500, ಜೊತೆಗೆ ಅಡ್ವಾನ್ಸ್ 10,000. ಮಧ್ಯೆ ಟೈಫಾಯ್ಡ್ ಆಗಿ ಹಾಜರಾತಿ ಕಮ್ಮಿ, ಎರಡು ತಿಂಗಳು ಹೆಚ್ಚು ಉಳಿದೆ. ಸರ ಬಿಡಿಸಿಕೊಂಡಿದ್ದು 2022ರ ದೀಪಾವಳಿಗೆ, ಬಡ್ಡಿನೇ 14,200. ಸರ್ಟಿಫಿಕೇಟ್ ಹಿಡಿದು ವಾಪಸ್ ಬಂದ್ರೆ ಹಾಕಿದ್ದೆಲ್ಲಿಗೆ? ಲೇಬರ್ ವಾರ್ಡಿಗೆ!

ಧಾರವಾಡದ ಬ್ರದರ್: ಅಕ್ಕಾರ, ರೊಕ್ಕದ ಲೆಕ್ಕ ಸಾಕ್ರಿ. ನಮ್ಮಲ್ಲಿ ಕಾಲು ಮುರಕೊಂಡು ಒಬ್ಬಾಂವ ಬಂದಿದ್ದ. ಕಡೀ ಸಲ ಯಾವಾಗ ಕುಡದಿ ಅಂತ ಯಾರೂ ಕೇಳಿದ್ದಿಲ್ಲ. ಮೂರನೇ ರಾತ್ರಿ ಚಾದರದ ಮ್ಯಾಲಿನ ಇಲ್ಲದ ಇರಿವಿ ಆರಿಸಾಕ ಹತ್ತಿದ. ತಲಿಗೆ ಪೆಟ್ಟು ಬಿದ್ದೈತಿ ಅಂತ ಕಟ್ಟಿ ಹಾಕಿದ್ರು. ನಾ ತಾಸು ಎಣಿಸಿ ನೋಡಿದೆ, ಕಡೀ ಸಲ ಕುಡದು ಎಪ್ಪತ್ತು ದಾಟಿತ್ತು. ಕುಡಿಯೋದು ಒಮ್ಮೆಲೆ ನಿಂತಿದ್ದಕ್ಕ ಬಂದ ಭ್ರಮಿ ಅದು. ಡಾಕ್ಟರನ್ನ ಎಬ್ಬಿಸಿ ಅದನ್ನ ತಡಿಯೋ ಔಷಧ ಲೋರಾಜೆಪಾಮ್ ಬರಿಸಿದೆ. ಗ್ಲೂಕೋಸ್ ಹಚ್ಚೋಕಿಂತ ಮೊದಲ ಥಯಾಮಿನ್, ಅಂದ್ರ ಬಿ1 ವಿಟಮಿನ್. ಈಗ ಅಂವ ಲಾರಿ ಹೊಡೀತಾನ. ಆ ಎಣಿಕಿ ಕಲಿಸಿದ್ದು ಡಿಪ್ಲೊಮಾ.

ಎರಡೇ ದಿನದವಳು: ತರಬೇತೀನ ಹಗುರ ಮಾಡ್ಬೇಡಿ. ಮೊದಲ ದಿನ ಬರೀ ಸ್ಲೈಡು, ಸಮೋಸ, ಒಪ್ಪಿದೆ. ಎರಡನೇ ದಿನ ಅಭಿನಯ ಮಾಡಿಸಿದ್ರು: ‘ಸಾಯಬೇಕು ಅನ್ನಿಸ್ತಿದೆಯಾ?’ ಅಂತ ಬಾಯಿಬಿಟ್ಟು ಕೇಳ್ಬೇಕು. ನಾನು ಮೂರು ಸಲವೂ ‘ಮನಸ್ಸಿಗೆ ಬೇಜಾರಾ’ ಅಂತ ಜಾರಿದೆ. ಕೇಳಿದ್ರೆ ತಲೇಲಿ ಹೊಸದಾಗಿ ಬಿತ್ತಿದ ಹಾಗೆ ಅಂದ್ಕೊಂಡಿದ್ದೆ, ಅದು ಸುಳ್ಳು. ತಿಂಗಳಾದ ಮೇಲೆ ವಾರ್ಡಲ್ಲಿ ಪಿಯುಸಿ ಹುಡುಗಿಗೆ ಕೇಳಿದೆ. ಹೌದು ಅಂದ್ಲು. ಒಂಟಿ ಬಿಡ್ಲಿಲ್ಲ, ಪಕ್ಕದಲ್ಲೇ ಕೂತು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಹಚ್ಚಿಕೊಟ್ಟೆ.

ಸರ ಅಡವಿಟ್ಟವಳು: ಆಮೇಲೆ? ನಮ್ಮ ತಾಲೂಕಲ್ಲಿ ಮನೋರೋಗ ನೋಡೋ ಸರ್ಕಾರಿ ಮನೋಚೈತನ್ಯ ಕ್ಲಿನಿಕ್ಕು ಮಂಗಳವಾರ ಮಾತ್ರ. ಬುಧವಾರ ‘ಹೌದು’ ಅಂದೋರನ್ನ ಎಲ್ಲಿ ಕೂರಿಸ್ಲಿ?

ಹಳೇ ಫಾರ್ಮಸಿಸ್ಟ್: ನರ್ಸ್‌ಗಳಿಗೆ ಇದೆಲ್ಲ ಯಾಕೆ? ಪೊಲೀಸರಿಗೆ ಹೇಳಿದ್ರೆ ಆತ್ಮಹತ್ಯೆ ಯತ್ನ ಅಂತ ಐಪಿಸಿ 309 ಹಾಕ್ತಾರೆ. ಕುಡುಕರಿಗೆ ಕುಡಿತ ಬಿಡಿಸೋ ಮಾತ್ರೆ ಡೈಸಲ್ಫಿರಾಮ್ ಸಾಂಬಾರಲ್ಲಿ ಕಲಸಿಕೊಡಿ, ನಮ್ಮ ಭಾವನಿಗೆ ಹಾಗೇ ಬಿಡಿಸಿದ್ದು.

ಧಾರವಾಡದ ಬ್ರದರ್: ಗೊತ್ತಿಲ್ಲದ ಆ ಮಾತ್ರಿ ಮ್ಯಾಲೆ ದಾರು ಕುಡದು ಬಿಪಿ ಬಿದ್ದು ಸತ್ರ ನೀವು ಬರ್ತೀರೇನು? ಒಪ್ಪಿಗಿ ಇಲ್ಲದ ಕೊಡೋ ಔಷಧ ಅಲ್ಲ ಅದು. ಇಂಥಾವ್ರು ಕೌಂಟರಿನ್ಯಾಗ ಕುಂತಾರ ನೋಡ್ರಿ!

ಎರಡೇ ದಿನದವಳು: 309 ಎಲ್ಲಿದೆ ಸ್ವಾಮಿ? 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ, ಅದರಲ್ಲಿ ಆತ್ಮಹತ್ಯೆ ಯತ್ನದ ಆ ಹಳೇ ಸೆಕ್ಷನ್ನೇ ಇಲ್ಲ. ಯತ್ನಿಸಿದವರಿಗೆ ಶಿಕ್ಷೆ ಬೇಡ ಅನ್ನೋ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಬಂದು ಎಷ್ಟೋ ವರ್ಷ ಆಯ್ತು. ಆಸ್ಪತ್ರೇಲಿ ಎಂಎಲ್‌ಸಿ (ಮೆಡಿಕೋ-ಲೀಗಲ್ ದಾಖಲೆ) ಬರೆಯೋದು ಬೇರೆ, ಕೇಸು ಬೇರೆ.

ಹಳೇ ಫಾರ್ಮಸಿಸ್ಟ್: ಮೂವತ್ತು ವರ್ಷದ ಸರ್ವೀಸು ನಂದು. ಎರಡು ದಿನದೋರಿಂದ ಕಲೀಬೇಕಾ?

ತುಮಕೂರಿನ ಹುಡುಗಿ: ಅರ್ಜಿಗೆ ಶುಕ್ರವಾರ ಕೊನೆ ದಿನ. ಹಾಕ್ತಿದೀನಿ. ಆ ಪಿಜಿ ಎಲ್ಲಿ ಅಕ್ಕ?

ಸರ ಅಡವಿಟ್ಟವಳು: ಇನ್‌ಬಾಕ್ಸ್ ನೋಡು. ಅಡ್ವಾನ್ಸ್ ವಾಪಸ್ ಕೊಡಲ್ಲ, ಈಗ್ಲೇ ಹೇಳಿದೀನಿ.