ಪುಟ್ಟಾ, ಶನಿವಾರ ಗನ್ ಶೋಗೆ ಹೋಗುವ ಮುಂಚೆ ಇದನ್ನು ಪೂರ್ತಿ ಕೇಳು

ಪುಟ್ಟಾ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ್ದನ್ನು ಈಗ ನೋಡಿದೆ. ಡಲ್ಲಾಸ್ ಹತ್ತಿರ ಗನ್ ಶೋ ಇದೆ, ಫ್ರೆಂಡ್ ಜೊತೆ ಹೋಗುತ್ತೇನೆ, ಟೆಕ್ಸಸ್‌ನಲ್ಲಿ ಕೊಳ್ಳುವವರ ಹಿನ್ನೆಲೆ ವಿಚಾರಿಸುವ ಯಾವ ಚೆಕ್ಕೂ ಇಲ್ಲ, ಒಂದು ಪಿಸ್ತೂಲು ತಗೊಂಡು ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಅಂತ ಬರೆದಿದ್ದೀಯ. ಅದಕ್ಕೆ ಅಣ್ಣ "ಅಲ್ಲಿ ಸಂತೆಯಲ್ಲಿ ಕೋವಿ ಮಾರುತ್ತಾರಾ?" ಅಂತ ಕೇಳಿದ್ದಾನೆ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನಿನ್ನ ವಿಷಯ. ನೀನು ಎಚ್ ಒನ್ ಬಿ ವೀಸಾದಲ್ಲಿ ಇದ್ದೀಯ. ಆ ವೀಸಾದವರು ಗನ್ ಇಟ್ಟುಕೊಳ್ಳುವುದೇ ಇಲ್ಲಿ ಫೆಡರಲ್, ಅಂದರೆ ಇಡೀ ದೇಶದ ಕಾನೂನಿನ ಪ್ರಕಾರ, ಅಪರಾಧ. ಕೊಳ್ಳುವುದಷ್ಟೇ ಅಲ್ಲ, ಹತ್ತಿರ ಇರುವುದೇ ತಪ್ಪು. ಬೇಟೆ ಲೈಸೆನ್ಸ್ ಇದ್ದವರಿಗೆ, ಇನ್ನು ಕೆಲವರಿಗೆ ವಿನಾಯಿತಿ ಇದೆ. ನಿನ್ನ ಹತ್ತಿರ ಅದೇನೂ ಇಲ್ಲ ಅಲ್ವಾ? ಸಿಕ್ಕಿಬಿದ್ದರೆ 15 ವರ್ಷದವರೆಗೆ ಜೈಲು ಆಗಬಹುದು, ಆಮೇಲೆ ಊರಿಗೆ ವಾಪಸ್ ಕಳಿಸುತ್ತಾರೆ. ಫ್ರೆಂಡ್ ತನ್ನ ಹೆಸರಲ್ಲಿ ಕೊಂಡು ನಿನಗೆ ಕೊಟ್ಟರೆ ಅವನೂ ಸಿಕ್ಕಿಹಾಕಿಕೊಳ್ಳುತ್ತಾನೆ. ಯಾರೂ ಕೇಳುವುದಿಲ್ಲ ಅಂದ ಮಾತ್ರಕ್ಕೆ ತಗೋಬಹುದು ಅಂತ ಅರ್ಥ ಅಲ್ಲ.

ಅಣ್ಣಾ, ನೀನು ಸಂತೆ ಅಂದೆಯಲ್ಲ, ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಾನು ಎರಡು ಸಲ ಹೋಗಿದ್ದೇನೆ. ದೊಡ್ಡ ಹಾಲ್, ಸಾಲು ಸಾಲು ಟೇಬಲ್ಲು. ಒಂದು ಟೇಬಲ್ಲಿನಲ್ಲಿ ಲೈಸೆನ್ಸ್ ಇರುವ ಡೀಲರ್ ಕೂತಿದ್ದ. ಒಬ್ಬ ಹುಡುಗ ಐಡಿ ತೋರಿಸಿ, 4473 ಅನ್ನುವ ಫಾರಂ ತುಂಬಿಸುತ್ತಿದ್ದ. ಕೇಸು ಇದೆಯಾ, ಯಾವ ವೀಸಾ, ನಿಜವಾಗಿ ಕೊಳ್ಳುವವನು ನೀನೇನಾ, ಎಲ್ಲಾ ಅದರಲ್ಲಿ ಬರೆಯಬೇಕು. ಡೀಲರ್ ಎಫ್‌ಬಿಐ ವ್ಯವಸ್ಥೆಯಲ್ಲಿ ವಿಚಾರಿಸಿದ, ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಪಕ್ಕದ ಟೇಬಲ್ಲಿನಲ್ಲಿ ಒಬ್ಬ ಮುದುಕ. ಮುಂದೆ ಮೂರು ರೈಫಲ್, ರಟ್ಟಿನ ಮೇಲೆ ಕೈಯಲ್ಲಿ ಬರೆದ ಬೆಲೆ. ಒಬ್ಬ ಬಂದ, ನೋಟು ಎಣಿಸಿ ಕೊಟ್ಟ, ರೈಫಲ್ ಹೆಗಲಿಗೆ ಹಾಕಿಕೊಂಡು ಹೋದ. ಹೆಸರೂ ಕೇಳಲಿಲ್ಲ. ಎರಡು ಟೇಬಲ್ಲಿಗೂ ನಡುವೆ ಒಂದು ಮೊಳ ಜಾಗ ಅಷ್ಟೆ.

ಗನ್ ಶೋಗೆ ಅಂತ ಬೇರೆ ಕಾನೂನು ಏನಿಲ್ಲ. ಮಾರುವವನು ಯಾರು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದಾಗ ಅವರ ಪ್ರೆಸ್ ಸೆಕ್ರೆಟರಿ ಬ್ರೇಡಿ ತಲೆಗೆ ಏಟು ಬಿತ್ತು. ಕೊಳ್ಳುವವರನ್ನು ಚೆಕ್ ಮಾಡಬೇಕು ಅನ್ನುವ, ಬ್ರೇಡಿ ಹೆಸರಿನ ಕಾನೂನು 1993ರಲ್ಲಿ ಬಂತು, ಈಗಿನ ಚೆಕ್ 1998ರಲ್ಲಿ ಶುರುವಾಯಿತು. ಆದರೆ ಅದು ಡೀಲರ್‌ಗಳಿಗೆ ಮಾತ್ರ. ತನ್ನ ಸ್ವಂತ ಗನ್ ಮಾರುವವನು ಚೆಕ್ ಮಾಡಬೇಕು ಅಂತ ಫೆಡರಲ್ ಕಾನೂನು ಹೇಳುವುದಿಲ್ಲ.

1998ರ ಕೊನೆಯಲ್ಲೇ ಕೊಲೊರಾಡೊ ರಾಜ್ಯದ ಡೆನ್ವರ್ ಹತ್ತಿರದ ಗನ್ ಶೋ ಒಂದರಲ್ಲಿ 18 ವರ್ಷದ ಹುಡುಗಿ ಇಬ್ಬರು ಸ್ನೇಹಿತರಿಗೋಸ್ಕರ ಮೂರು ಗನ್ ಕೊಂಡಳು. ಖಾಸಗಿ ಮಾರಾಟಗಾರರ ಹತ್ತಿರ ಮಾತ್ರ. 1999ರ ಏಪ್ರಿಲ್‌ನಲ್ಲಿ ಕೊಲಂಬೈನ್ ಶಾಲೆಯಲ್ಲಿ ಆ ಹುಡುಗರು 12 ಮಕ್ಕಳನ್ನು, ಒಬ್ಬ ಮೇಷ್ಟ್ರನ್ನು ಕೊಂದರು. ಚೆಕ್ ಇದ್ದಿದ್ದರೆ ಕೊಳ್ಳುತ್ತಲೇ ಇರಲಿಲ್ಲ ಅಂತ ಆ ಹುಡುಗಿಯೇ ಆಮೇಲೆ ಹೇಳಿದಳು. ಕೊಲೊರಾಡೊ ಜನ 2000ದಲ್ಲಿ ಮತ ಹಾಕಿ ಅಲ್ಲಿನ ಗನ್ ಶೋಗಳಲ್ಲಿ ಚೆಕ್ ಕಡ್ಡಾಯ ಮಾಡಿಸಿಕೊಂಡರು. ಟೆಕ್ಸಸ್‌ನಲ್ಲಿ ಮಾಡಿಲ್ಲ. ಇಲ್ಲೇ ಮಿಡ್‌ಲ್ಯಾಂಡ್, ಒಡೆಸ್ಸಾದಲ್ಲಿ 2019ರಲ್ಲಿ 7 ಜನರನ್ನು ಕೊಂದವನು ಅದಕ್ಕೂ ಮುಂಚೆ, 2014ರಲ್ಲಿ, ಚೆಕ್‌ನಲ್ಲಿ ಫೇಲ್ ಆಗಿದ್ದ. ಅಂಗಡಿಯಲ್ಲಿ ಸಿಗದ್ದು ಖಾಸಗಿಯಾಗಿ ಸಿಕ್ಕಿತು. ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು ಗುಂಡಿಗೆ ಬಲಿಯಾದ ಮೇಲೂ, 2013ರಲ್ಲಿ ಈ ದಾರಿ ಮುಚ್ಚುವ ಮಸೂದೆಗೆ ಸೆನೆಟ್‌ನಲ್ಲಿ 60 ಮತ ಬೇಕಿತ್ತು, 54 ಬಂತು. ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಈ ಮಾತು ಸುಮ್ನೆ ಹೇಳುತ್ತಿಲ್ಲ. ನಾನು ಸಿಟಿಜನ್ ಆದ ಮೇಲೆ ಒಂದು ಶಾಟ್‌ಗನ್ ಇಟ್ಟುಕೊಂಡಿದ್ದೆ. ಮಗಳು ಹುಟ್ಟಿದ ಮೇಲೆ ಮನೆಯಲ್ಲಿ ಬೇಡ ಅನ್ನಿಸಿ ಮಾರಲು ಹೊರಟೆ. ಒಬ್ಬ ಫೋನ್ ಮಾಡಿ, ಪಾರ್ಕಿಂಗ್ ಲಾಟ್‌ನಲ್ಲಿ ಕೊಡಿ, ಕ್ಯಾಶ್ ತರುತ್ತೇನೆ ಅಂದ. ಡೀಲರ್ ಅಂಗಡಿಗೆ ಬಾ, ಚೆಕ್ ಮಾಡಿಸೋಣ, ಅದರ ಫೀಸು ನಾನೇ ಕೊಡುತ್ತೇನೆ ಅಂದೆ. ಅವನ ಫೋನ್ ಮತ್ತೆ ಬರಲೇ ಇಲ್ಲ. ಅವನು ಯಾರೋ, ಯಾಕೆ ಹಿಂದೆ ಸರಿದನೋ. ಕೊಟ್ಟುಬಿಟ್ಟಿದ್ದರೆ ನನ್ನ ಮೇಲೆ ಕೇಸೂ ಆಗುತ್ತಿರಲಿಲ್ಲ, ಆದರೆ ನಿದ್ದೆ ಬರುತ್ತಿತ್ತಾ?

ಅಣ್ಣಾ, ಅಪ್ಪನ ಒಂಟಿ ನಳಿಗೆ ಕೋವಿ ನೆನಪಿದೆಯಲ್ಲ? ಹಂದಿ ಕಾಟಕ್ಕೆ ಅಂತ ಇಟ್ಟುಕೊಂಡಿದ್ದು. ಎಲೆಕ್ಷನ್ ಬಂತು ಅಂದರೆ ಹಳೆ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದರು. ರಸೀದಿಯನ್ನು ಪಂಚಾಂಗದೊಳಗೆ ಮಡಿಸಿ ಇಡುತ್ತಿದ್ದರು. ತೋಟಕ್ಕೆ ಹಂದಿ ನುಗ್ಗಿದಾಗ ಕೋವಿ ಸ್ಟೇಷನ್ನಿನಲ್ಲೇ ಇರುತ್ತಿತ್ತು, ಬೈಯುತ್ತಿದ್ದರು. ಆದರೂ ಒಂದು ಸಲವೂ ತಪ್ಪಿಸಲಿಲ್ಲ.

ಪುಟ್ಟಾ, ಹೋದ ವಾರ ಅಪಾರ್ಟ್‌ಮೆಂಟಿನ ಕೆಳಗೆ ನಿನ್ನ ಕಾರಿನ ಗಾಜು ಒಡೆದರು ಅಂತ ಅತ್ತಿಗೆ ಹೇಳಿದರು. ನೀನು ಹೆದರಿದ್ದೀಯ, ನನಗೆ ಗೊತ್ತು. ಅದನ್ನು ಗ್ರೂಪಿನಲ್ಲಿ ಹೇಳಲು ನಾಚಿಕೆ ಬೇಡ. ಶುಕ್ರವಾರ ಕೆಲಸ ಮುಗಿಸಿ ಹ್ಯೂಸ್ಟನ್‌ಗೆ ಹೊರಟು ಬಾ, ನಾಲ್ಕು ಗಂಟೆ ದಾರಿ. ಬೇರೆ ಮನೆ ಹುಡುಕುವುದಾದರೆ ಕೂತು ನೋಡೋಣ. ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇನೆ, ಎತ್ತು.