ಟೆಸ್ಟ್ ಸುಮ್ಮನೆ ಕಾಯುವ ಸಮಯವನ್ನು (ಸ್ಲೀಪ್) ಹೆಚ್ಚಿಸಬೇಡಿ ಎನ್ನುತ್ತಾರೆ ವಿಮರ್ಶಕರು. ಹಾಗಾದರೆ ಈ ಟೆಸ್ಟನ್ನು ಸರಿಪಡಿಸುವುದು ಹೇಗೆ?

ತುಂಗಾತೀರ:

ಕಂಟೇನರ್‌ಗಳನ್ನು ನಿರ್ವಹಿಸುವ ತಂತ್ರಾಂಶವಾದ ಕುಬರ್ನೆಟೀಸ್‌ನ ಒಂದು ಯೂನಿಟ್ ಟೆಸ್ಟ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಸದಾ ಪಾಸಾಗುತ್ತದೆ. ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯ ಕೋರಿಕೆ) ಮೇಲೆ ಯೋಜನೆಯ ಸ್ವಯಂಚಾಲಿತ ಪರೀಕ್ಷಾ ವ್ಯವಸ್ಥೆಯಾದ ಪ್ರೌ ಓಡಿಸಿದಾಗ ಮಾತ್ರ ಆಗಾಗ ಬೀಳುತ್ತದೆ. ಟೆಸ್ಟ್ ಮಾಡುವುದಿಷ್ಟು: ಫೇಕ್ ಕ್ಲೈಂಟ್‌ಸೆಟ್ (ನಿಜವಾದ ಸರ್ವರ್ ಇಲ್ಲದೆ ನಟಿಸುವ ಕ್ಲೈಂಟ್) ಮೇಲೆ ಇನ್ಫಾರ್ಮರ್ (ಬದಲಾವಣೆಗಳನ್ನು ಗಮನಿಸಿ ತನ್ನ ಕ್ಯಾಶ್‌ನಲ್ಲಿ ಪ್ರತಿ ಇಟ್ಟುಕೊಳ್ಳುವ ಭಾಗ) ಶುರು ಮಾಡುತ್ತದೆ, ಕ್ಯಾಶ್ ಸಿಂಕ್ ಆಗುವವರೆಗೆ ಕಾಯುತ್ತದೆ, ಒಂದು ಪಾಡ್ (ಕಂಟೇನರ್‌ಗಳ ಗುಂಪು) ಸೃಷ್ಟಿಸುತ್ತದೆ, ಒಂದು ಸೆಕೆಂಡ್ ಸ್ಲೀಪ್ ಆದ ಮೇಲೆ ಬದಲಾವಣೆಯಾದಾಗ ಓಡಬೇಕಾದ ಹ್ಯಾಂಡ್ಲರ್‌ಗೆ ಸುದ್ದಿ ತಲುಪಿತೇ ಎಂದು ನೋಡುತ್ತದೆ. ಸೆಕೆಂಡ್ ಐದಾದರೆ ಸಾಕೇ ಎಂದು ಕೇಳಿದ್ದಕ್ಕೆ ವಿಮರ್ಶಕರು ಒಪ್ಪಲಿಲ್ಲ. ಸಿಂಕ್‌ಗೆ ಕಾದ ಮೇಲೂ ಪಾಡ್ ಕಳೆದುಹೋಗುವುದು ಎಲ್ಲಿ?

ಬೆಳಗಿನ ಪಾಳಿ:

ವಿಮರ್ಶಕರು ಸರಿಯಾಗಿಯೇ ತಡೆದಿದ್ದಾರೆ. ನಿಮ್ಮ ಪಾಡ್‌ನ ಸುದ್ದಿ ತಡವಾಗಿ ಬರುತ್ತಿಲ್ಲ, ಬರುವುದೇ ಇಲ್ಲ. ಐದಲ್ಲ, ಐವತ್ತು ಸೆಕೆಂಡ್ ಕಾದರೂ ಅಷ್ಟೇ.

ಇನ್ಫಾರ್ಮರ್ ಒಳಗೆ ಸುದ್ದಿ ತರುವ ರಿಫ್ಲೆಕ್ಟರ್ ಮೊದಲು ಲಿಸ್ಟ್ ಮಾಡುತ್ತದೆ (ಈಗಿರುವುದನ್ನೆಲ್ಲ ತರುತ್ತದೆ), ಆಮೇಲೆ ವಾಚ್ ತೆರೆಯುತ್ತದೆ (ಮುಂದಿನ ಬದಲಾವಣೆಗಳಿಗೆ ಕಿವಿಗೊಡುತ್ತದೆ). ಸಿಂಕ್‌ಗೆ ಕಾಯಲು ಕರೆಯುವ ವೇಟ್‌ಫಾರ್‌ಕ್ಯಾಶ್‌ಸಿಂಕ್ ಭರವಸೆ ಕೊಡುವುದು ಲಿಸ್ಟ್‌ನ ಬಗ್ಗೆ ಮಾತ್ರ. ನಿಜವಾದ ಎಪಿಐ ಸರ್ವರ್ ಇದ್ದರೆ ಈ ನಡುವಿನ ಸಂದು ಯಾರನ್ನೂ ಕಾಡುವುದಿಲ್ಲ, ಏಕೆಂದರೆ ಲಿಸ್ಟ್ ಜೊತೆಗೆ ಬರುವ ರಿಸೋರ್ಸ್ ವರ್ಷನ್ ಎಂಬ ಗುರುತಿನಿಂದಲೇ ವಾಚ್ ಮುಂದುವರಿಯುತ್ತದೆ. ನಿಮ್ಮ ಆವೃತ್ತಿಯ ಫೇಕ್ ಕ್ಲೈಂಟ್ ಆ ಲೆಕ್ಕ ಇಡುವುದಿಲ್ಲ. ಹಾಜರಿ ಕೂಗಿ ಮುಗಿದ ಮೇಲೆ, ಬಾಗಿಲಿಗೆ ಕಾವಲಿನವನು ಬರುವ ಮೊದಲು ಒಳಗೆ ನುಸುಳಿದ ಹುಡುಗನ ಹಾಗೆ ನಿಮ್ಮ ಪಾಡ್ ಯಾವ ಪಟ್ಟಿಗೂ ಸೇರದೆ ಉಳಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸಿಪಿಯು ಬಿಡುವಾಗಿರುವುದರಿಂದ ವಾಚ್ ಬೇಗ ತೆರೆಯುತ್ತದೆ; ಹಲವು ಕೆಲಸಗಳು ಕಿಕ್ಕಿರಿದ ಯಂತ್ರದಲ್ಲಿ ಆ ಸಂದು ಹಿಗ್ಗುತ್ತದೆ.

ಕುಬರ್ನೆಟೀಸ್‌ನ ಗೋ ಭಾಷೆಯ ಲೈಬ್ರರಿಯಾದ ಕ್ಲೈಂಟ್-ಗೋದ ಎಕ್ಸಾಂಪಲ್ಸ್ ವಿಭಾಗದಲ್ಲಿ ಫೇಕ್ ಕ್ಲೈಂಟ್‌ಸೆಟ್ ಮಾದರಿಯೊಂದಿದೆ. ಈ ಎಚ್ಚರಿಕೆಯನ್ನೂ ಪರಿಹಾರವನ್ನೂ ಅಲ್ಲಿಯೇ ಬರೆದಿಟ್ಟಿದ್ದಾರೆ. ವಾಚ್ ಕರೆಯನ್ನು ನಡುವೆ ಹಿಡಿಯುವ ಪ್ರಿಪೆಂಡ್‌ವಾಚ್‌ರಿಯಾಕ್ಟರ್ ಬಳಸಿ, ಫೇಕ್ ಕ್ಲೈಂಟ್‌ನ ವಸ್ತುಗಳನ್ನು ಇಟ್ಟುಕೊಳ್ಳುವ ಟ್ರ್ಯಾಕರ್‌ನಿಂದ ನೀವೇ ವಾಚ್ ಪಡೆಯಿರಿ, ಪಡೆದೊಡನೆ ಗೋದ ಒಂದು ಚಾನೆಲ್ (ಸಂದೇಶ ಸಾಗಿಸುವ ಕೊಳವೆ) ಮುಚ್ಚಿ. ಟೆಸ್ಟ್ ಆ ಚಾನೆಲ್‌ಗಾಗಿ ಕಾದು, ಆಮೇಲೆ ಪಾಡ್ ಸೃಷ್ಟಿಸಲಿ. ಇನ್ಫಾರ್ಮರ್‌ಗಳು ಒಂದಕ್ಕಿಂತ ಹೆಚ್ಚಿದ್ದರೆ ಎಚ್ಚರ: ಮುಚ್ಚಿದ ಚಾನೆಲನ್ನು ಮತ್ತೆ ಮುಚ್ಚಲು ಹೋದರೆ ಗೋ ಪ್ಯಾನಿಕ್ ಆಗುತ್ತದೆ (ಪ್ರೋಗ್ರಾಂ ಕುಸಿಯುತ್ತದೆ), ಕೆಲಸವನ್ನು ಒಮ್ಮೆ ಮಾತ್ರ ಮಾಡಿಸುವ ಸಿಂಕ್.ಒನ್ಸ್ ಹಾಕಿ. ಕೊನೆಯ ಸ್ಲೀಪ್ ಕೂಡ ಹೋಗಲಿ. ಹ್ಯಾಂಡ್ಲರ್ ಪಾಡನ್ನು ಇನ್ನೊಂದು ಚಾನೆಲ್‌ಗೆ ಹಾಕಲಿ, ಟೆಸ್ಟ್ ಅದನ್ನು ಓದಲಿ. ಸಮಯದ ಮಿತಿ ಸೋಲನ್ನು ಘೋಷಿಸಲು ಮಾತ್ರ ಇರಲಿ.

ಇಷ್ಟು ಉದ್ದ ಬರೆಯಲು ಕಾರಣವಿದೆ. ಕೆಂಪಾದ ಟೆಸ್ಟಿಗೆ ‘ಸ್ಲ್ಯಾಶ್ ರೀಟೆಸ್ಟ್’ (ಮತ್ತೆ ಓಡಿಸು ಎಂಬ ಆದೇಶ) ಬರೆದು, ಹಸಿರಾದೊಡನೆ ಮರೆತುಬಿಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಆ ಟೆಸ್ಟ್ ನಾಳೆ ಬೀಳುವುದು ಅದಕ್ಕೆ ಸಂಬಂಧವೇ ಇಲ್ಲದ ಯಾರದೋ ಪುಲ್ ರಿಕ್ವೆಸ್ಟ್ ಮೇಲೆ. ಅವರು ತಮ್ಮ ಕೋಡ್‌ನಲ್ಲಿ ಇಲ್ಲದ ದೋಷಕ್ಕಾಗಿ ರಾತ್ರಿಯೆಲ್ಲ ಹುಡುಕುತ್ತಾರೆ. ನೀವು ಕಾರಣ ಕೇಳಿದ್ದು ನನಗೆ ನಿಜಕ್ಕೂ ಸಂತೋಷ ತಂದಿತು.

ಅರ್ಧವಿರಾಮ:

ಪಾಡ್ ಮೊದಲೇ ಇದ್ದರೂ ನಡೆಯುವ ಟೆಸ್ಟಾದರೆ ಇನ್ನೂ ಸರಳ ದಾರಿಯಿದೆ: ಕ್ಲೈಂಟ್‌ಸೆಟ್ ಕಟ್ಟುವಾಗಲೇ ಪಾಡನ್ನು ಒಳಗಿಡಿ, ಲಿಸ್ಟ್‌ನಲ್ಲಿಯೇ ಬರುತ್ತದೆ.

ಸರಿಯಾಯಿತೇ ಎಂದು ತಿಳಿಯಲು ಒಮ್ಮೆ ಓಡಿಸಿದರೆ ಸಾಲದು. ‘ಗೋ ಟೆಸ್ಟ್ -ರೇಸ್ -ಸಿ’ ಎಂದು ಬೈನರಿ ಕಟ್ಟಿಕೊಳ್ಳಿ, ಗೋ ತಂಡದ ಸ್ಟ್ರೆಸ್ ಉಪಕರಣಕ್ಕೆ ಅದನ್ನು ಕೊಡಿ. ಒಂದೇ ಟೆಸ್ಟನ್ನು ಏಕಕಾಲಕ್ಕೆ ಹಲವು ಪ್ರಕ್ರಿಯೆಗಳಲ್ಲಿ, ನೀವು ನಿಲ್ಲಿಸುವವರೆಗೂ ಓಡಿಸುತ್ತದೆ. ಮೊದಲು ಹಳೆಯ ಕೋಡ್ ಮೇಲೆ ಬೀಳಿಸಿ ನೋಡಿ. ಅಲ್ಲಿ ಬೀಳದಿದ್ದರೆ ಹೊಸದು ಬೀಳಲಿಲ್ಲ ಎನ್ನುವುದಕ್ಕೆ ಅರ್ಥವಿಲ್ಲ.

ತುಂಗಾತೀರ:

ಸ್ಟ್ರೆಸ್ ಅಡಿಯಲ್ಲಿ ಹಳೆಯದು ಲ್ಯಾಪ್‌ಟಾಪ್‌ನಲ್ಲಿಯೇ ಬಿದ್ದಿತು, ರಿಯಾಕ್ಟರ್ ಹಾಕಿದ್ದು ಈವರೆಗೆ ಬಿದ್ದಿಲ್ಲ. ಅಪ್‌ಡೇಟ್ ಸುದ್ದಿಯೂ ಬೇಕಿದ್ದುದರಿಂದ ಪಾಡನ್ನು ಮೊದಲೇ ಇಡುವುದಷ್ಟೇ ಸಾಕಾಗಲಿಲ್ಲ. ಪುಲ್ ರಿಕ್ವೆಸ್ಟ್‌ಗೆ ಯಾವ ಬಗೆ ಎಂದು ನಮೂದಿಸಲಿ, ಕ್ಲೀನಪ್ ಎಂದೇ?

ಬೆಳಗಿನ ಪಾಳಿ:

ಅಲ್ಲ, ‘ಸ್ಲ್ಯಾಶ್ ಕೈಂಡ್ ಫ್ಲೇಕ್’; ಫ್ಲೇಕ್ ಎಂದರೆ ಹೀಗೆ ಆಗಾಗ ಬೀಳುವ ಟೆಸ್ಟ್. ಬಿಡುಗಡೆ ಟಿಪ್ಪಣಿಯಲ್ಲಿ ‘ನನ್’ (ಏನೂ ಇಲ್ಲ) ಸಾಕು, ಬಳಕೆದಾರರಿಗೆ ಏನೂ ಬದಲಾಗುವುದಿಲ್ಲ. ‘ಫಿಕ್ಸಸ್’ ಮತ್ತು ಇಶ್ಯೂ ಸಂಖ್ಯೆಯನ್ನು ವಿವರಣೆಯಲ್ಲಿ ಬರೆಯಿರಿ, ಕಮಿಟ್ ಸಂದೇಶದಲ್ಲಿ ಬೇಡ. ಅಲ್ಲಿದ್ದರೆ ಯೋಜನೆಯ ಬಾಟ್ ವಿಲೀನವನ್ನು ತಡೆಹಿಡಿಯುತ್ತದೆ. ಹಳೆಯ ಕೋಡ್ ಬಿದ್ದಾಗ ಸ್ಟ್ರೆಸ್ ಕೊಟ್ಟ ಔಟ್‌ಪುಟ್ ಅನ್ನೂ ವಿವರಣೆಗೆ ಅಂಟಿಸಿ.